ಉಬ್ಬರಕ್ಕೆ ಮೊದಲು

ಜನವರಿ ೧೨

ಮಗನೇ,

ಪತ್ರ ಶುರು ಮಾಡುವಾಗ ಕ್ಷೇಮ ಎಂದು ಬರೆಯಬೇಕು. ಕ್ಷೇಮವೇ, ಕುತ್ತಿಗೆ ಒಂದನ್ನು ಬಿಟ್ಟರೆ. ದಿನವಿಡೀ ಕ್ರೇನಿನ ಕೋಣೆಯಲ್ಲಿ ಕೂತು, ಕಾಲ ಕೆಳಗಿನ ಗಾಜಿನಲ್ಲಿ ಬಗ್ಗಿ ನೋಡುವವಳ ಕುತ್ತಿಗೆ ಹೇಗಿರಬೇಕೋ ಹಾಗಿದೆ.

ಮೊನ್ನೆ ನಿನ್ನ ಹಡಗು ನಮ್ಮ ಬಂದರಿಗೆ ಬಂದು ಹೋಯಿತು. ನಿನಗೆ ಗೊತ್ತಿರಲಿ ಎಂದು ಹೇಳುತ್ತೇನೆ, ಹಿಂಭಾಗದ ಕಂಟೇನರುಗಳನ್ನೆಲ್ಲ ಇಳಿಸಿದವಳು ನಾನೇ. ಡೆಕ್ಕಿನ ಮೇಲೆ ಹಳದಿ ಹೆಲ್ಮೆಟ್ಟುಗಳು ಓಡಾಡುತ್ತಿದ್ದವು. ಅಷ್ಟು ಎತ್ತರದಿಂದ ಎಲ್ಲವೂ ಅಂಗಿಯ ಗುಂಡಿಗಳ ಹಾಗೆ ಕಾಣುತ್ತವೆ. ಅದರಲ್ಲಿ ನನ್ನ ಗುಂಡಿ ಯಾವುದು ಎಂದು ಹುಡುಕುವಷ್ಟು ಪುರುಸೊತ್ತು ನನಗಿರಲಿಲ್ಲ. ಒಂದು ಪೆಟ್ಟಿಗೆ ಲಾರಿಯ ಮೇಲೆ ಕೂರುವಷ್ಟರಲ್ಲಿ ಇನ್ನೊಂದು ಲಾರಿ ಬಂದು ನಿಂತಿರುತ್ತಿತ್ತು.

ಕೆಲಸ ಮುಗಿಸಿ ಮನೆಗೆ ಬಂದೆ. ನಿನ್ನ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದೆ. ಬಾಗಿಲು ಸದ್ದಾದಾಗಲೆಲ್ಲ ಎದ್ದು ಹೋದೆ. ಒಮ್ಮೆ ಪಕ್ಕದ ಮನೆಯವಳು, ಒಮ್ಮೆ ಗಾಳಿ. ಅಷ್ಟರಲ್ಲಿ ನಿನ್ನ ಹಡಗು ಹೊರಟೇಹೋಗಿತ್ತು.

ಸಮಯ ಇರಲಿಲ್ಲ ಎಂದು ನೀನು ಬರೆಯುತ್ತೀಯ. ಇರಬಹುದು. ಆದರೆ ನಿಮ್ಮ ಹಡಗಿನ ಅಡುಗೆಯವನು ಗೇಟಿನಾಚೆ ಬಂದು ಸಾಬೂನು ಕೊಂಡು ಹೋದನಂತೆ. ಗೇಟಿನ ಕಾವಲುಗಾರ ಹೇಳಿದ. ಅವನಿಗೆ ಸಿಕ್ಕಿದ ಸಮಯ ನಿನಗೆ ಯಾಕೆ ಸಿಗಲಿಲ್ಲ ಎಂದು ನಾನು ಕೇಳುವುದಿಲ್ಲ.

ಮನೆಯಲ್ಲಿ ಅವರೂ ಕಾಯುತ್ತಿದ್ದರು. ಅವರ ಹೆಸರು ಬರೆದರೆ ನಿನಗೆ ಹಿಡಿಸುವುದಿಲ್ಲ, ಆದ್ದರಿಂದ ಯಾವ ಪೆಟ್ಟಿಗೆ ಯಾವಾಗ ಎಲ್ಲಿಗೆ ಎಂದು ಜೋಡಿಸುವ ಅವರನ್ನು ಬಂದರಿನಲ್ಲಿ ಎಲ್ಲರೂ ಕರೆಯುವ ಹಾಗೆ ಪ್ಲಾನರ್ ಎಂದೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಾನು ಅವರನ್ನು ಮದುವೆಯಾಗುತ್ತೇನೆ ಎಂದಾಗ ನೀನು "ಒಳ್ಳೇದಾಯ್ತಲ್ಲ" ಎಂದೆ. ಮರುತಿಂಗಳು ಹಡಗು ಹತ್ತಿದೆ. ಆ "ಒಳ್ಳೇದಾಯ್ತಲ್ಲ" ಅನ್ನುವುದನ್ನು ನಾನು ಇವತ್ತಿಗೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ಫೋನಿನಲ್ಲಿ ನೀನು ಹೂಂ, ಹೂಂ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅದಕ್ಕೇ ಪತ್ರ. ಹಡಗಿನ ಏಜೆಂಟ್ ನಿಮ್ಮ ಮುಂದಿನ ಬಂದರಿಗೆ ಕಳಿಸುತ್ತಾನಂತೆ. ಹೂಂ ಎಂದು ಕಾಗದದಲ್ಲಿ ಬರೆದು ಕಳಿಸಲು ನಿನಗೇ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೇನೆ.

ಕಾಯುತ್ತಿರುವ,
ಅಮ್ಮ


ಜನವರಿ ೨೯

ಅಮ್ಮಾ,

ಹೂಂ.

ಬರೆದೆ ನೋಡು. ಏನೂ ನಾಚಿಕೆಯಾಗಲಿಲ್ಲ.

ಅಡುಗೆಯವನ ಲೆಕ್ಕ ಬೇರೆ. ಊಟ ಬಡಿಸಿದ ಮೇಲೆ ಅವನು ಸ್ವತಂತ್ರ. ನಾವು ಡೆಕ್ಕಿನವರು. ಪೆಟ್ಟಿಗೆ ಇಳಿಯುವವರೆಗೆ ಒಂದು ಕೆಲಸ, ಏರಿದ ಮೇಲೆ ಇನ್ನೊಂದು. ಪೆಟ್ಟಿಗೆಗಳನ್ನು ಹಿಡಿದಿಡುವ ಕಬ್ಬಿಣದ ಕಂಬಿಗಳು ಬಿಗಿಯಾಗಿವೆಯೇ ಎಂದು ಒಂದೊಂದನ್ನೂ ಕೈಯಿಂದ ಅಲುಗಾಡಿಸಿ ನೋಡಬೇಕು. ಆ ಕೆಲಸ ಮುಗಿಯುವುದಕ್ಕೂ ಹಡಗು ಹೊರಡುವುದಕ್ಕೂ ನಡುವೆ ಚಹಾ ಕುಡಿಯುವಷ್ಟು ಬಿಡುವಿತ್ತು. ಕುಡಿದೆ.

ಮೊದಲು ಹೀಗಿರಲಿಲ್ಲವಂತೆ. ನಮ್ಮ ಮೇಸ್ತ್ರಿ ಹಳಬ. ಅವನ ಕಾಲದಲ್ಲಿ ಒಂದು ಬಂದರಿಗೆ ಹೋದರೆ ಎರಡು ಮೂರು ದಿನ ನಿಲ್ಲುತ್ತಿದ್ದರು. ಚಪ್ಪಲಿ ಕೊಳ್ಳುತ್ತಿದ್ದರು, ಹಲ್ಲು ಕೀಳಿಸುತ್ತಿದ್ದರು, ಜಗಳವಾಡಿ ರಾಜಿಯಾಗುವುದಕ್ಕೂ ಸಮಯವಿತ್ತು. ಈಗ ನಾವು ಒಬ್ಬರ ತಲೆ ಒಬ್ಬರು ಬೋಳಿಸಿಕೊಳ್ಳುತ್ತೇವೆ. ನನ್ನ ತಲೆಯ ಹಿಂಭಾಗ ನೋಡಿದರೆ ನಿನಗೆ ಅಳು ಬರುತ್ತದೆ.

ನಿಮ್ಮ ಬಂದರಿನಿಂದ ಹೊರಬಂದ ಮೇಲೆ ಮೇಸ್ತ್ರಿ ಹೇಳಿದ, "ಹಿಂದ್ಗಡೆ ಕ್ರೇನ್ ಓಡ್ಸಿದ್ದು ಯಾವ ಪುಣ್ಯಾತ್ಮನೋ, ಬೆನ್ನು ನೆಟ್ಟಗೆ ಮಾಡಕ್ಕೂ ಬಿಡ್ಲಿಲ್ಲ." ನಾನು ಹಗ್ಗ ಸುತ್ತುತ್ತಿದ್ದೆ.

ನಿನ್ನ ಪ್ಲಾನರಿಗೆ ಹೇಳು, ಅವರ ಪ್ಲಾನು ಚೆನ್ನಾಗಿ ನಡೆಯುತ್ತಿದೆ. ಹಡಗು ಬಂದಷ್ಟೇ ಬೇಗ ಹೋಗುತ್ತದೆ. ಅದರ ಜೊತೆ ನಾನೂ.

ನಿನ್ನ,
ಮಗ


ಫೆಬ್ರವರಿ ೧೪

ಮಗನೇ,

ನಿನ್ನ ಪತ್ರವನ್ನು ಅವರಿಗೂ ಓದಿ ಹೇಳಿದೆ, ಕೊನೆಯ ಸಾಲೊಂದನ್ನು ಬಿಟ್ಟು. "ಅಷ್ಟೇನಾ?" ಎಂದರು. "ಅಷ್ಟೇ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಕಾಗದದಲ್ಲಿ ಎಷ್ಟು ಬರೆದಿದೆ, ನಾನು ಎಷ್ಟು ಓದಿದೆ ಎಂದು ಅಂದಾಜು ಮಾಡಲಾರದ ಮನುಷ್ಯನಲ್ಲ. ದಿನವಿಡೀ ಅವರು ಮಾಡುವುದು ಅದನ್ನೇ. ಯಾವ ಜಾಗಕ್ಕೆ ಏನು ಹಿಡಿಸುತ್ತದೆ ಎಂದು ನೋಡುವುದು.

ನಿನಗೆ ಸಿಟ್ಟಿರಬಹುದು, ಆದರೆ ಅವರು ಮಾಡಿದ್ದು ಏನು ಎಂದು ತಿಳಿದುಕೊ. ಮೊದಲು ನಾನು ಹಡಗಿನಿಂದ ಒಂದು ಪೆಟ್ಟಿಗೆ ಇಳಿಸಿ, ಖಾಲಿ ಕೈಯಲ್ಲಿ ವಾಪಸು ಹೋಗುತ್ತಿದ್ದೆ. ಎಲ್ಲ ಇಳಿಸಿದ ಮೇಲೆ ಎಲ್ಲ ಏರಿಸುವುದು. ಈಗ ಹೋಗುತ್ತ ಒಂದು, ಬರುತ್ತ ಒಂದು. ಬಾವಿಗೆ ಹೋದವಳು ಖಾಲಿ ಕೊಡ ಹೊತ್ತು ಬರುತ್ತಾಳೆಯೇ, ಹಾಗೆ. ಮೊದಲು ಲಾರಿಯವರು ತಮ್ಮ ತಮ್ಮ ಕ್ರೇನಿನ ಕೆಳಗೇ ಸಾಲುಗಟ್ಟಿ ಬೀಡಿ ಸೇದುತ್ತಿದ್ದರು. ಈಗ ಯಾವ ಕ್ರೇನ್ ಬಿಡುವಾಗಿದೆಯೋ ಅಲ್ಲಿಗೆ. ಅಂಗಳದಲ್ಲಿ ಬೇಕಾದ ಪೆಟ್ಟಿಗೆ ಯಾವಾಗಲೂ ನಾಲ್ಕು ಪೆಟ್ಟಿಗೆಗಳ ಅಡಿಯಲ್ಲಿ ಇರುತ್ತಿತ್ತು. ಈಗ ಹಡಗು ಬರುವ ಮುಂಚೆಯೇ ಅವನ್ನೆಲ್ಲ ಏರುವ ಸರದಿಯಲ್ಲಿ ಜೋಡಿಸಿಡುತ್ತಾರೆ. ಕೇಳಿದರೆ ಇಷ್ಟು ಸುಲಭದ ಕೆಲಸ ಯಾರಿಗೂ ಯಾಕೆ ಹೊಳೆಯಲಿಲ್ಲ ಅನಿಸುತ್ತದೆ. ಹೊಳೆದಿತ್ತು, ಜೋಡಿಸುವ ತಾಳ್ಮೆ ಇರಲಿಲ್ಲ.

ಕ್ಯಾಂಟೀನಿನಲ್ಲಿ ಒಂದು ಟಿವಿ ಪರದೆ ಹಾಕಿದ್ದಾರೆ. ಯಾವ ಕ್ರೇನ್ ಗಂಟೆಗೆ ಎಷ್ಟು ಎತ್ತಿತು ಎಂದು ಅದರಲ್ಲಿ ಬರುತ್ತದೆ. ನನ್ನದು ಮೇಲೆಯೇ ಇರುತ್ತದೆ. ನನಗೆ ಅದು ಖುಷಿ, ಸುಳ್ಳು ಹೇಳಲಾರೆ. ಕೆಳಗೆ ನಿಂತು ರೇಡಿಯೋದಲ್ಲಿ ನಮಗೆ ಹೇಳುವವನಿದ್ದಾನಲ್ಲ, ನಾವು ಗಂಟಲು ಎಂದು ಕರೆಯುವವನು, ಅವನು ಪರದೆ ನೋಡಿ, "ಅಕ್ಕಾ, ನೀನು ಮನೇಲಿ ಪಾತ್ರೆ ತೊಳ್ಯೋದೂ ಹಿಂಗೇನಾ?" ಎಂದು ಕೇಳಿದ. "ಮನೇಲಿ ಪ್ಲಾನರ್ ತೊಳೀತಾರೆ" ಎಂದೆ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಆದರೆ ಮಗ, ಇತ್ತೀಚೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಊಟಕ್ಕೆ ಕೂತರೆ ಕೈಗಳು ತಾವಾಗಿಯೇ ಹಿಡಿಕೆ ಹುಡುಕುತ್ತವೆ. ಮೇಜಿನ ಮೇಲಿನ ಲೋಟ ಎತ್ತಿ ಇನ್ನೊಂದರ ಮೇಲೆ ಇಡುತ್ತೇನೆ, ಮತ್ತೆ ಇಳಿಸುತ್ತೇನೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಅವರು ಏನೂ ಹೇಳದೆ ಲೋಟಗಳನ್ನು ದೂರ ಸರಿಸುತ್ತಾರೆ.

ಮುಂದಿನ ವಾರ ನಿನ್ನ ಹಡಗು ಬರುತ್ತದೆ. ಈ ಸಲ ನಾನು ಏನಾದರೂ ಮಾಡುತ್ತೇನೆ. ಏನು ಎಂದು ಕೇಳಬೇಡ.

ಅಮ್ಮ


ಫೆಬ್ರವರಿ ೨೫

ಅಮ್ಮಾ,

ಅದು ನೀನೇ ಎಂದು ನನಗೆ ಗೊತ್ತಾಯಿತು.

ನಿನ್ನ ಕೈ ನನಗೆ ಗೊತ್ತಿಲ್ಲವೇ? ಬೇರೆಯವರ ಪೆಟ್ಟಿಗೆ ಡೆಕ್ಕಿಗೆ ತಾಗಿದರೆ ಕಾಲಿನವರೆಗೆ ಅದುರುತ್ತದೆ. ನೀನು ಇಟ್ಟದ್ದು ನಿದ್ದೆ ಹೋದ ಮಗುವನ್ನು ಮಲಗಿಸಿದ ಹಾಗೆ ಇರುತ್ತದೆ. ಅವತ್ತು ಬೆಳಿಗ್ಗೆ ಹಾಗೇ ಇತ್ತು. ಮಧ್ಯಾಹ್ನದ ಮೇಲೆ ನಾಲ್ಕನೇ ಕ್ರೇನ್‌ಗೆ ಏನಾಯಿತು? ಪೆಟ್ಟಿಗೆ ಬರುತ್ತದೆ, ತಲೆಯ ಮೇಲೆ ನಿಲ್ಲುತ್ತದೆ, ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಮೂಲೆಗೆ ಮೂಲೆ ಹೊಂದುವುದಿಲ್ಲ. ಮೇಸ್ತ್ರಿ, "ಡ್ರೈವರ್ ಬದಲಾದ್ನೇನೋ" ಎಂದ. ನಾನು ಮೇಲೆ ನೋಡಿದೆ. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು, ಒಳಗೆ ಯಾರಿದ್ದಾರೆ ಎಂದು ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

ತಡವಾದರೆ ಹಡಗು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ನಾನು ಇಳಿದು ಬರಬಹುದು ಎಂದುಕೊಂಡೆಯಲ್ಲವೇ? ಹಡಗಿನಲ್ಲಿ ಅದು ಹಾಗಲ್ಲ. ತುಂಬಿದ ಹಡಗು ಉಬ್ಬರದ ನೀರಿನಲ್ಲಿ ಮಾತ್ರ ಹೊರಗೆ ಹೋಗಬಹುದು, ನಿಮ್ಮ ಬಂದರಿನ ಕಾಲುವೆಯ ತಳ ಅಷ್ಟು ಮೇಲಿದೆ. ಉಬ್ಬರದೊಳಗೆ ಕೆಲಸ ಮುಗಿಯುವುದೋ ಇಲ್ಲವೋ ಎಂದು ಅನುಮಾನ ಬಂದ ಕೂಡಲೇ ಕ್ಯಾಪ್ಟನ್ ಎಲ್ಲರ ರಜೆ ರದ್ದು ಮಾಡಿದರು. ಒಬ್ಬರೂ ಹಡಗು ಬಿಟ್ಟು ಕದಲಬಾರದು. ಹಗ್ಗದ ಪಕ್ಕದಲ್ಲಿ ನಿಂತೇ ಇದ್ದೆವು. ಕೊನೆಗೆ ಅವರು ಹನ್ನೆರಡು ಪೆಟ್ಟಿಗೆಗಳನ್ನು ನಿಮ್ಮ ದಡದಲ್ಲೇ ಬಿಟ್ಟು ಹೊರಟರು. ಎಲ್ಲರೂ ನಾಲ್ಕನೇ ಕ್ರೇನಿನವನ ಹುಟ್ಟನ್ನು ಜಾಲಾಡಿದರು. ಅದು ನನ್ನ ತಾಯಿ ಎಂದು ನಾನು ಹೇಳಲಿಲ್ಲ.

ಇನ್ನೊಂದು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಅವತ್ತು ಕೆಲಸದ ಬಟ್ಟೆಯ ಒಳಗೆ ನೀಲಿ ಅಂಗಿ ಹಾಕಿಕೊಂಡಿದ್ದೆ. ದಡಕ್ಕೆ ಹೋಗುವಾಗ ಹಾಕುವ ಅಂಗಿ.

ಬೇಗ ಮುಗಿದಿದ್ದರೆ ಇಳಿದು ಬರಬಹುದಿತ್ತು. ಬೇರೆ ಒಂದು ಬಂದರಿನಲ್ಲಿ ಹೀಗಾಗಿತ್ತು. ಕೆಲಸ ಮುಗಿದಿತ್ತು, ಉಬ್ಬರ ಬಂದಿರಲಿಲ್ಲ. ಹಡಗು ಸುಮ್ಮನೆ ನಿಂತಿತ್ತು. ಕ್ಯಾಪ್ಟನ್ ತಾವೇ ಬಂದು, "ಹೋಗ್ರಪ್ಪಾ, ನೀರು ಏರೋದ್ರೊಳಗೆ ಬನ್ನಿ" ಎಂದರು. ಅವತ್ತು ಎಲ್ಲರೂ ಹೊರಗೆ ಹೋಗಿದ್ದೆವು.

ಏಪ್ರಿಲ್ ಮೊದಲ ವಾರ ಮತ್ತೆ ಬರುತ್ತೇವೆ. ಅದೇ ಕೊನೆ. ಆಮೇಲೆ ಈ ಹಡಗನ್ನು ಬೇರೆ ದಾರಿಗೆ ಹಾಕುತ್ತಾರೆ. ಆ ದಾರಿಯಲ್ಲಿ ನಿಮ್ಮ ಬಂದರು ಇಲ್ಲ.

ಇನ್ನು ಹೀಗೆ ಮಾಡಬೇಡ.

ಮಗ


ಮಾರ್ಚ್ ೪

ಮಗನೇ,

ಏನೆಂದು ಬರೆಯಲಿ. ನೀಲಿ ಅಂಗಿಯ ಸಾಲನ್ನು ಎಷ್ಟು ಸಲ ಓದಿದೆನೋ.

ನೀವು ಬಿಟ್ಟುಹೋದ ಪೆಟ್ಟಿಗೆಗಳು ಇನ್ನೂ ಇಲ್ಲೇ ಇವೆ. ಕ್ರೇನ್ ಹತ್ತುವಾಗ, ಇಳಿಯುವಾಗ ಅವು ಕಾಣುತ್ತವೆ. ಒಂದರಲ್ಲಿ ಯಾವುದೋ ಊರಿನ ಶಾಲೆಗೆ ಹೋಗಬೇಕಾದ ಬೆಂಚುಗಳಿವೆ. ಮಾಡಿದ ಬಡಗಿ ಗೇಟಿನ ಹತ್ತಿರ ಬಂದಿದ್ದ. ಜಗಳವಾಡುವ ಮನುಷ್ಯನಲ್ಲ. "ಯಾಕೆ ಉಳೀತು ಅಂತ ಹೇಳಿದ್ರೆ ಸಾಕಿತ್ತು, ಅಲ್ಲಿನೋರಿಗೆ ಏನಾದ್ರೂ ಹೇಳ್ಬೇಕಲ್ಲ" ಎಂದು ಕಾವಲುಗಾರನನ್ನು ಕೇಳುತ್ತಿದ್ದ. ನಾನು ಪಕ್ಕದಲ್ಲೇ ಹಾದುಹೋದೆ. ಬೆರಳಿನ ಸಂದಿಯಲ್ಲಿ ಬಣ್ಣ ಹಾಗೇ ಇತ್ತು ಅವನಿಗೆ. ನಾನು ಮಾತಾಡಿಸಲಿಲ್ಲ. ಏನು ಹೇಳಬೇಕಿತ್ತು? ನನ್ನ ಮಗನ ಮುಖ ನೋಡಬೇಕಿತ್ತಪ್ಪಾ, ಅದಕ್ಕೇ ನಿನ್ನ ಬೆಂಚು ಉಳಿಯಿತು ಎನ್ನಲೇ?

ಯಾಕೆ ಉಳಿಯಿತು ಎಂದು ಮೇಲಿನವರಿಗೆ ವರದಿ ಹೋಗಬೇಕಿತ್ತು. ಬರೆಯಬೇಕಾದವರು ಯಾರು? ಪ್ಲಾನರ್. ನಾನು ಏನು ಮಾಡಿದೆ ಎಂದು ಅವರು ನನ್ನನ್ನು ಕೇಳಲೇ ಇಲ್ಲ. ಪರದೆಯಲ್ಲಿ ನನ್ನ ಕ್ರೇನು ಊಟದ ನಂತರ ಹೇಗೆ ಕೆಳಗಿಳಿಯಿತು ಎಂದು ಅವರು ನೋಡಿದ್ದರು. ಒಂದು ಅಂಕಿಯನ್ನು ಹೆಚ್ಚು ಕಡಿಮೆ ಮಾಡದ ಮನುಷ್ಯ ಕಾರಣ ಎನ್ನುವ ಜಾಗದಲ್ಲಿ "ಗಾಳಿ" ಎಂದು ಬರೆದರಂತೆ. ಗಂಟಲು ಬಂದು ಹೇಳಿದ. "ಅವತ್ತು ಬಾವುಟಾನೂ ಅಲ್ಲಾಡ್ಲಿಲ್ಲ ಕಣಕ್ಕಾ" ಎಂದ. ನಗಲಿಲ್ಲ.

ಮನೆಗೆ ಬಂದ ಮೇಲೆ, "ಯಾಕ್ರೀ ಹಾಗೆ ಬರೆದ್ರಿ?" ಎಂದೆ. "ಇನ್ನೊಂದು ಸಲ ಬರೆಯೋದಕ್ಕಾಗಲ್ಲ" ಎಂದರು. ಅಷ್ಟೇ. ಆಮೇಲೆ ಎರಡು ದಿನ ಅವರಿಗೆ ಊಟ ಸೇರಲಿಲ್ಲ.

ಉಬ್ಬರದ ಬಗ್ಗೆ ನೀನು ಬರೆದದ್ದನ್ನು ಅವರಿಗೆ ಓದಿದೆ. ಈ ಸಲ ಯಾವ ಸಾಲನ್ನೂ ಬಿಡಲಿಲ್ಲ. ನೀಲಿ ಅಂಗಿಯನ್ನೂ. ಅವರು ಎದ್ದು ಹೋಗಿ ಪೆನ್ಸಿಲ್ ತಂದರು.

ಅಮ್ಮ


ಮಾರ್ಚ್ ೧೬

ಮಾನ್ಯರೆ,

ಇದು ನಾನು ನಿಮಗೆ ಬರೆಯುವ ಮೊದಲ ಪತ್ರ. ಹೇಗೆ ಸಂಬೋಧಿಸಬೇಕು ಎಂದು ತಿಳಿಯದೆ ಎರಡು ಹಾಳೆ ಹಾಳು ಮಾಡಿದೆ. ತಪ್ಪಾಗಿದ್ದರೆ ಮನ್ನಿಸಿ.

ಉಬ್ಬರದ ವಿಷಯ ನಿಮ್ಮ ತಾಯಿಯವರು ಹೇಳಿದರು. ಹಡಗು ಎಷ್ಟು ಬೇಗ ಹೊರಡುತ್ತದೆ ಎಂಬುದನ್ನು ಮಾತ್ರ ನಾನು ಇಷ್ಟು ದಿನ ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ಅದು ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ ಎಂದು ನೋಡಿರಲಿಲ್ಲ. ನನ್ನ ಕೆಲಸದಲ್ಲಿ ಸುಮ್ಮನೆ ನಿಲ್ಲುವುದಕ್ಕೆ ಕಾಲಂ ಇಲ್ಲ.

ಏಪ್ರಿಲ್ ಮೂರರಂದು ನಿಮ್ಮ ಹಡಗು ಬೆಳಗಿನ ಉಬ್ಬರದಲ್ಲಿ ಒಳಬರುತ್ತದೆ, ಸಂಜೆಯ ಉಬ್ಬರದಲ್ಲಿ ಹೋಗುತ್ತದೆ. ಕೆಲಸ ಮಧ್ಯಾಹ್ನದ ಹೊತ್ತಿಗೇ ಮುಗಿದರೆ ನಡುವಿನ ಸಮಯ ನಿಮ್ಮದು. ಮುಗಿಸಲು ಸಾಧ್ಯವಿದೆ. ನಿಮ್ಮ ಹಡಗಿಗೆ ಏರಬೇಕಾದ ಪೆಟ್ಟಿಗೆಗಳನ್ನು ಮೊದಲೇ ದಡದ ಹತ್ತಿರದ ಸಾಲಿಗೆ ತರಿಸುತ್ತೇನೆ. ಬೆಂಚುಗಳ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಏರುತ್ತದೆ. ಕ್ರೇನಿನವರು ಬದಲಾಗುವಾಗ ಕೆಲಸ ನಿಲ್ಲದಂತೆ, ಬದಲಿಯವರು ಮುಂಚೆಯೇ ಹತ್ತಿ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಮೇಲಿನವರೂ ಒಪ್ಪಿದ್ದಾರೆ. ಕ್ರೇನುಗಳು ಬೇಗ ಬಿಡುವಾದರೆ ಪಕ್ಕದ ಹಡಗಿಗೆ ಸಿಗುತ್ತವೆ ಎಂಬುದು ಅವರಿಗೆ ಸಂತೋಷ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದ್ದರಿಂದ ನನಗೂ ಊಟ ಸೇರುತ್ತಿದೆ.

ಬಂದರಿನೊಳಗೆ ನಡೆದು ಹೋಗುವಂತಿಲ್ಲ, ನಿಮಗೆ ಗೊತ್ತು. ಏಣಿಯ ಕೆಳಗೆ ವ್ಯಾನು ಇರುತ್ತದೆ.

ಬರಲೇಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಬರಬೇಕೆಂದರೆ ಸಮಯ ಇರುತ್ತದೆ ಎಂದಷ್ಟೇ ತಿಳಿಸುತ್ತಿದ್ದೇನೆ.

ನಿಮ್ಮ ಕೋಣೆಯಲ್ಲಿ ನಾನು ಯಾವುದನ್ನೂ ಸರಿಸಿಲ್ಲ. ಕಿಟಕಿಯ ಕೊಂಡಿ ಮಾತ್ರ ರಿಪೇರಿ ಮಾಡಿಸಿದೆ. ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಇಂತಿ,
ನಿಮ್ಮ ತಾಯಿಯವರ ಮನೆಯವರು


ಮಾರ್ಚ್ ೨೭

ಪತ್ರ ತಲುಪಿತು. ಅಂಗಿ ಒಗೆದಿಟ್ಟಿದ್ದೇನೆ.


ಏಪ್ರಿಲ್ ೩, ಅಡುಗೆಮನೆಯ ಮೇಜು

ಅಮ್ಮಾ,

ನೀನು ಬರುವ ಮೊದಲೇ ಹೋಗಬೇಕಾಗಿದೆ. ವ್ಯಾನಿನವನು ಹಾರ್ನ್ ಹಾಕುವವರೆಗೆ ಬರೆಯುತ್ತೇನೆ.

ಅಮ್ಮ, ಇವತ್ತು ನೀನು ಅದೇನು ಓಡಿಸಿದೆ! ಮೇಸ್ತ್ರಿ ಕೆಲಸ ಬಿಟ್ಟು ಬಾಯಿ ತೆರೆದು ನೋಡುತ್ತ ನಿಂತಿದ್ದ. ಒಂದು ಪೆಟ್ಟಿಗೆ ಹೋಗುತ್ತಿತ್ತು, ಒಂದು ಬರುತ್ತಿತ್ತು, ಕೆಳಗೆ ಲಾರಿಗಳು ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ಸುತ್ತುತ್ತಿದ್ದವು. ಒಂದೇ ಒಂದು ಸಲವೂ ಡೆಕ್ಕು ಅದುರಲಿಲ್ಲ. ಈ ಸಲ ಬಾಯಿಬಿಟ್ಟೆ, "ಅದು ನಮ್ಮಮ್ಮ" ಎಂದೆ. "ಸುಮ್ನಿರೋ" ಎಂದ. "ಹೌದು ಕಣಣ್ಣಾ, ಮೂರು ಸಲವೂ ಅವಳೇ" ಎಂದೆ. ಅವನು ಒಮ್ಮೆ ಕ್ರೇನನ್ನು, ಒಮ್ಮೆ ನನ್ನನ್ನು ನೋಡಿದ. ಆಮೇಲೆ, "ಇನ್ನೂ ಇಲ್ಲೇ ಯಾಕೋ ನಿಂತಿದ್ದೀಯ, ಹೋಗು. ಕಂಬಿ ನಾನು ನೋಡ್ಕೋತೀನಿ" ಎಂದ.

ಕ್ಯಾಪ್ಟನ್ ಸಹಿ ಹಾಕಿ ಕಳಿಸಿದರು. ಏಣಿ ಇಳಿದೆ. ವ್ಯಾನಿನ ಪಕ್ಕದಲ್ಲಿ ಅವರು ನಿಂತಿದ್ದರು. ಕೈ ಕೊಡುವುದೋ ಬೇಡವೋ ಎಂದು ಇಬ್ಬರೂ ಒಟ್ಟಿಗೇ ಯೋಚಿಸಿ ಇಬ್ಬರೂ ಕೊಡಲಿಲ್ಲ.

"ಅಮ್ಮ?" ಎಂದೆ.

ಅವರು ಪಕ್ಕದ ಹಡಗಿನ ಕಡೆ ತೋರಿಸಿದರು. ನಾಲ್ಕನೇ ಕ್ರೇನು ಆಗಲೇ ಹಳಿಯ ಮೇಲೆ ಅತ್ತ ಹೋಗುತ್ತಿತ್ತು. "ನಿಮ್ಮ ಹಡಗಿನ ಕೆಲಸ ಬೇಗ ಮುಗೀತು. ಕ್ರೇನ್ ಬಿಡುವಾಯ್ತು. ಬಿಡುವಾದ ಕ್ರೇನು ಪಕ್ಕದ ಹಡಗಿಗೆ ಹೋಗತ್ತೆ. ಅದು ನಾನೇ ಮಾಡಿದ ನಿಯಮ. ಕ್ರೇನ್ ಹೋದ್ರೆ ಒಳಗೆ ಕೂತೋರೂ ಹೋಗ್ತಾರೆ ಅನ್ನೋದು ನನಗೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಬದಲಿಯವನನ್ನು ಕೇಳಿದರಂತೆ, ಅವನನ್ನು ಆಗಲೇ ಬೇರೆ ಕ್ರೇನಿಗೆ ಹಾಕಿದ್ದರಂತೆ. ಅವರ ಮುಖ ನೋಡಬೇಕಿತ್ತು ನೀನು. ಇಡೀ ಬಂದರನ್ನು ಜೋಡಿಸಿ, ಉಬ್ಬರವನ್ನು ಜೋಡಿಸಿ, ವ್ಯಾನು ಜೋಡಿಸಿ, ನಿನ್ನೊಬ್ಬಳನ್ನು ಬಿಟ್ಟುಬಿಟ್ಟಿದ್ದರು. ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅವರಿಗೂ ಬಂತು, ಆದರೆ ನಗಬಹುದೋ ಎಂದು ನನ್ನ ಮುಖ ನೋಡಿದರು.

ವಾಪಸು ಹಡಗಿಗೇ ಹೋಗಬಹುದಿತ್ತು. ಅವರು ಅದನ್ನೂ ಹೇಳಿದರು, "ನೀವು ಬೇಡ ಅಂದ್ರೆ ಬೇಡ" ಎಂದರು. ನಾನು ವ್ಯಾನು ಹತ್ತಿದೆ.

ಮನೆಯಲ್ಲಿ ಅವರು ಮೊಟ್ಟೆ ಬೇಯಿಸಿದರು. ತಳ ಹಿಡಿಯುವ ಹಾಗೆ ಮೊಟ್ಟೆ ಬೇಯಿಸುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ. ತಿಂದೆವು. ಅವರು ತಟ್ಟೆ ತೊಳೆದರು, ನಾನು ಒರೆಸಿಟ್ಟೆ. ಗಡಿಯಾರದ ಸದ್ದು ಕೇಳುತ್ತಿತ್ತು. ಹೋಗಲಿ ಎಂದು ನಾನೇ ಕೇಳಿದೆ, "ನಮ್ಮ ಹಡಗಿನ ಪೆಟ್ಟಿಗೆ ಹೇಗೆ ಜೋಡಿಸಿದ್ರಿ?"

ಅಮ್ಮ, ಅವರು ಎದ್ದು ಒಳಗಿನಿಂದ ಬೆಂಕಿಪೊಟ್ಟಣಗಳ ಡಬ್ಬಿ ತಂದರು. ಮೇಜಿನ ಮೇಲೆ ನನ್ನ ಹಡಗನ್ನೇ ಕಟ್ಟಿದರು. ಚಮಚ ಕ್ರೇನು, ಉಪ್ಪಿನ ಡಬ್ಬಿ ಕ್ಯಾಪ್ಟನ್ನು. ಭಾರದ್ದು ಕೆಳಗೆ, ಮೊದಲು ಇಳಿಯುವುದು ಮೇಲೆ. ನಾನು ಒಂದನ್ನು ಎತ್ತಿ ಬೇರೆ ಕಡೆ ಇಟ್ಟೆ. "ಅಲ್ಲಿಟ್ರೆ ಮುಂದಿನ ಬಂದರಿನಲ್ಲಿ ಇದನ್ನು ತೆಗೆಯೋಕೆ ಆ ಮೂರನ್ನೂ ತೆಗೀಬೇಕಾಗತ್ತೆ" ಎಂದರು. "ಇಲ್ಲಿಟ್ರೆ ಕಂಬಿ ಬಿಗಿಯೋಕೆ ನಮಗೆ ಕೈ ಹೋಗಲ್ಲ" ಎಂದೆ. ಅದು ಅವರಿಗೆ ಗೊತ್ತಿರಲಿಲ್ಲ. "ತಡಿ, ತೋರ್ಸು" ಎಂದರು. ತಡಿ ಎಂದದ್ದು ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಆಮೇಲೆ ಹೊತ್ತು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ನೀನು ಮದುವೆಯ ಮಾತು ಹೇಳಿದ ದಿನ ನಾನು ಒಳ್ಳೇದಾಯ್ತಲ್ಲ ಎಂದಾಗ, ಇನ್ನು ಈ ಮನೆಯಲ್ಲಿ ನನ್ನ ಜಾಗ ಅಷ್ಟೇ ಎಂದುಕೊಂಡಿದ್ದೆ. ಇದನ್ನು ಎದುರಿಗೆ ಹೇಳಲಾರೆ, ಆದ್ದರಿಂದ ನೀನು ಇಲ್ಲದ್ದೇ ಒಳ್ಳೆಯದಾಯಿತೇನೋ.

ನನ್ನ ಕಿಟಕಿ ಈಗ ಸರಿಯಾಗಿ ಮುಚ್ಚುತ್ತದೆ.

ಹಾರ್ನ್ ಹಾಕುತ್ತಿದ್ದಾನೆ. ನನ್ನ ಒಪ್ಪಂದ ಮುಗಿಯುವುದು ಚಳಿಗಾಲಕ್ಕೆ. ಮುಗಿದ ಕೂಡಲೇ

(ಹಡಗಿನವರೆಗೂ ಅವರು ಜೊತೆಗೆ ಬರುತ್ತಾರಂತೆ.)


ಏಪ್ರಿಲ್ ೬

ಮಗನೇ,

ಮುಗಿದ ಕೂಡಲೇ ಎಂದು ಬರೆದು ನಿಲ್ಲಿಸಿದ್ದೀಯ. ಅದರ ಮುಂದೆ ನಾನೇ ಏನು ಬೇಕಾದರೂ ಸೇರಿಸಿಕೊಳ್ಳುತ್ತೇನೆ, ನೀನು ತಕರಾರು ಮಾಡುವ ಹಾಗಿಲ್ಲ.

ಮನೆಗೆ ಬಂದಾಗ ಮೇಜಿನ ಮೇಲೆ ನಿನ್ನ ಹಡಗು ಹಾಗೇ ಇತ್ತು. ಅವರು ಅದನ್ನು ತೆಗೆಯಲು ಬಿಡುತ್ತಿಲ್ಲ. ನಾವು ಮೂರು ದಿನದಿಂದ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೇವೆ. ನೆಲದ ಮೇಲೆ ನನಗೆ ಎತ್ತಿಡಲು ಲೋಟವೂ ಸಿಗುವುದಿಲ್ಲ, ತಲೆ ತಗ್ಗಿಸಿ ಉಣ್ಣುತ್ತೇನೆ. ಡಬ್ಬಿಯಲ್ಲಿ ಒಂದು ಪೊಟ್ಟಣ ಕಡಿಮೆಯಿದೆ ಎಂದು ಎಣಿಸಿದರು, ಮತ್ತೆ ಎಣಿಸಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು. "ಬಿಡ್ರೀ, ಹಡಗು ಹತ್ತಿ ಹೋಗಿರಬೇಕು" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ರೆ ಲೆಕ್ಕ ಸರಿ" ಎಂದರು. ಇಟ್ಟುಕೊ. ಒದ್ದೆಯಾಗದ ಜಾಗದಲ್ಲಿಡು.

ನಿನ್ನ ಹತ್ತಿರ ಕೂತು ಒಂದು ತುತ್ತು ಉಣ್ಣಲಿಲ್ಲ ಎಂದು ನಾನು ಅವತ್ತು ಕ್ರೇನಿನಲ್ಲಿ ಎಷ್ಟು ಬೈದುಕೊಂಡೆನೋ. ಅವರನ್ನು, ನಿಯಮವನ್ನು, ಪಕ್ಕದ ಹಡಗನ್ನು, ನನ್ನ ಕೈಯ ವೇಗವನ್ನು. ಎತ್ತರದಿಂದ ನಿನ್ನ ವ್ಯಾನು ಗೇಟು ದಾಟಿ ಹೋಗುವುದು ಕಂಡಿತ್ತು. ನಮ್ಮ ಬೀದಿಯ ಕಡೆ ತಿರುಗಿದ್ದೂ ಕಂಡಿತ್ತು. ಅಲ್ಲಿಂದ ಮುಂದೆ ಗೋದಾಮು ಅಡ್ಡ. ಆಮೇಲೆ ನಾನು ಪೆಟ್ಟಿಗೆ ಎತ್ತುತ್ತ ಇಳಿಸುತ್ತ ಗೋದಾಮಿನ ಆ ಮೂಲೆಯನ್ನೇ ನೋಡುತ್ತಿದ್ದೆ. ಒಳಗೆ ಏನಾಗುತ್ತಿದೆಯೋ. ಜಗಳವಾಡಿದರೋ. ಇಬ್ಬರೂ ಮೂಗರ ಹಾಗೆ ಕೂತಿದ್ದಾರೋ. ಹೊತ್ತು ಇಳಿಯುತ್ತಿತ್ತು, ನೀರು ಏರುತ್ತಿತ್ತು.

ಕೊನೆಗೆ ವ್ಯಾನು ಬಂತು. ನಿನ್ನ ಹಡಗಿನ ಏಣಿಯ ಹತ್ತಿರ ನಿಂತಿತು. ನೀನೊಬ್ಬನೇ ಇಳಿಯುತ್ತೀಯ ಎಂದುಕೊಂಡಿದ್ದೆ. ಇಬ್ಬರು ಇಳಿದರು. ಒಂದು ನೀಲಿ ಅಂಗಿ. ಮಗ, ಅಷ್ಟು ಎತ್ತರದಿಂದ ಮೊದಲ ಸಲ ನನಗೆ ಗುಂಡಿಗಳಲ್ಲಿ ನನ್ನದು ಯಾವುದು ಎಂದು ಹುಡುಕುವ ಕೆಲಸವಿರಲಿಲ್ಲ. ನಿನ್ನ ತಲೆಯ ಹಿಂಭಾಗವೂ ಕಂಡಿತು. ಅಳು ಬರುತ್ತದೆ ಎಂದು ನೀನು ಬರೆದಿದ್ದೆ, ಸರಿಯಾಗಿಯೇ ಬರೆದಿದ್ದೆ.

ನೀನು ಕ್ರೇನುಗಳ ಸಾಲನ್ನು ನೋಡುತ್ತ ನಿಂತೆ. ನಿನಗೆ ಯಾವುದು ಎಂದು ತಿಳಿಯಲಿಲ್ಲ, ಎಲ್ಲಕ್ಕೂ ಒಂದೇ ಬಣ್ಣ. ಅವರು ನಿನ್ನ ಹೆಗಲು ಹಿಡಿದು ನನ್ನ ಕಡೆ ತಿರುಗಿಸಿದರು. ಬೆರಳು ಎತ್ತಿ ತೋರಿಸಿದರು. ಎತ್ತಿದ ಬೆರಳು ನನಗೇ ನೆಟ್ಟಗೆ ಬಂದ ಹಾಗಾಯಿತು. ಆಮೇಲೆ ನೀನು ಕೈ ಎತ್ತಿದೆ.

ನನ್ನ ಕ್ರೇನಿನಲ್ಲಿ ಆಗ ಒಂದು ಪೆಟ್ಟಿಗೆ ನೇತಾಡುತ್ತಿತ್ತು. ಪೆಟ್ಟಿಗೆ ಇರುವಾಗ ಎರಡೂ ಕೈ ಹಿಡಿಕೆಯ ಮೇಲೇ ಇರಬೇಕು, ಕೈ ಬೀಸುವ ಹಾಗಿಲ್ಲ. ನಾನು ಮಾಡಬಹುದಾಗಿದ್ದದ್ದು ಒಂದೇ. ನಿಲ್ಲಿಸಿದೆ. ಪೆಟ್ಟಿಗೆ ಅಲುಗಾಡದ ಹಾಗೆ, ನೀರಿನ ಮೇಲೂ ಅಲ್ಲದೆ ನೆಲದ ಮೇಲೂ ಅಲ್ಲದೆ, ಹಾಗೇ ನಿಲ್ಲಿಸಿ ಹಿಡಿದುಕೊಂಡೆ. ನಿನಗೆ ತಿಳಿಯಿತು ಎಂದು ಗೊತ್ತು. ನನ್ನ ಕೈ ನಿನಗೆ ಗೊತ್ತು ಎಂದು ಬರೆದವನು ನೀನೇ.

ಕೆಳಗೆ ಲಾರಿಗಳು ನಿಂತವು. ಒಂದು, ಅದರ ಹಿಂದೆ ಇನ್ನೊಂದು. ಕ್ಯಾಂಟೀನಿನ ಪರದೆಯಲ್ಲಿ ನನ್ನ ಅಂಕಿ ಇಳಿಯುತ್ತಿರಬೇಕು.

ರೇಡಿಯೋದಲ್ಲಿ ಗಂಟಲು ಕೇಳಿದ, "ನಾಲ್ಕು, ಯಾಕೆ ನಿಂತೆ?"

"ಗಾಳಿ" ಎಂದೆ.

 ಅವನೂ ನಿಮ್ಮ ಏಣಿಯ ಕಡೆ ತಿರುಗಿ ನೋಡಿದ್ದು ನನಗೆ ಮೇಲಿನಿಂದ ಕಂಡಿತು.

"ಸರಿ ಅಕ್ಕ" ಎಂದ. "ಕಡಿಮೆ ಆದ್ಮೇಲೆ ಹೇಳು."

ನೀನು ಏಣಿ ಹತ್ತಿ ಮುಗಿಸುವವರೆಗೂ ಗಾಳಿ ಕಡಿಮೆಯಾಗಲಿಲ್ಲ.

ಅಮ್ಮ